ನಿಂತೇ ಇದ್ದ ನೆರಳು

ಜನವರಿ 12

ಅಪ್ಪನಿಗೆ,

ಕಿವಿಗೆ ತಂದುಕೊಟ್ಟ ಹೊಸ ಯಂತ್ರವನ್ನು ನೀವು ಮೂರೇ ದಿನಕ್ಕೆ ಡಬ್ಬಿಯೊಳಗೆ ಮುಚ್ಚಿಟ್ಟಿರಂತೆ, ಅತ್ತಿಗೆ ಹೇಳಿದರು. ಫೋನಿನಲ್ಲಿ ನಾನು ಕಿರುಚುವುದು, ನೀವು "ಹಾಂ? ಹಾಂ?" ಅನ್ನುವುದು, ಕೊನೆಗೆ ಇಬ್ಬರೂ ಸುಸ್ತಾಗಿ ಇಟ್ಟುಬಿಡುವುದು. ಇದೇ ಆಯಿತು. ಮೂವತ್ತೊಂದು ವರ್ಷ ಕಾದ ಕಬ್ಬಿಣ ಬಡಿಯುವ ಹ್ಯಾಮರ್ ಶಾಪಿನ ಸದ್ದು ತಿಂದ ಕಿವಿಯನ್ನು ಬೈದು ಏನು ಬಂತು? ಇನ್ನು ಮೇಲೆ ಕಾಗದ ಬರೆಯುತ್ತೇನೆ. ನೀವೂ ಬರೆಯಿರಿ.

ಫ್ಯಾಕ್ಟರಿಯಲ್ಲಿ ನನ್ನನ್ನು ಹೊಸ ಜಾಗಕ್ಕೆ ಹಾಕಿದ್ದಾರೆ. ದೊಡ್ಡ ಪಂಪುಗಳ ಜೋಡಣೆ. ತೊಂಬತ್ತು ಕಿಲೋದ ಕೇಸಿಂಗನ್ನು, ಅಂದರೆ ಪಂಪಿನ ಹೊರಕವಚವನ್ನು, ರೋಬೋಟ್ ಕೈ ಎತ್ತಿ ತಂದು, ಒಂದೊಂದು ಬೋಲ್ಟಿಗೂ ನಮಗೆ ಬೇಕಾದ ಹಾಗೆ ವಾಲಿಸಿ ಹಿಡಿದುಕೊಳ್ಳುತ್ತದೆ. ಒಂದು ಕಡೆಯಿಂದ ನಾನು, ಇನ್ನೊಂದು ಕಡೆಯಿಂದ ಮೀಸೆಯಣ್ಣ ಬೋಲ್ಟು ಬಿಗಿಯುತ್ತೇವೆ. ಮೀಸೆಯಣ್ಣ ಇಪ್ಪತ್ತೆರಡು ವರ್ಷದ ಹಳಬ. ಸ್ಪ್ಯಾನರ್ ಹಿಡಿಯುವುದನ್ನು ನನಗೆ ಕಲಿಸಿದ್ದೇ ಅವನು. ಕೆಲಸ ಮಾಡುತ್ತ ಹಾಡುತ್ತಾನೆ, ಯಾವ ಹಾಡು ಎಂದು ಇವತ್ತಿನವರೆಗೂ ಯಾರಿಗೂ ಗೊತ್ತಾಗಿಲ್ಲ.

ಮೊದಲು ಆ ರೋಬೋಟ್ ಕೈ ಕಂಬಿಯ ಪಂಜರದೊಳಗಿತ್ತು. ಈಗ ಪಂಜರ ತೆಗೆದು ನಮಗೆ ಕನ್ನಡಕ ಕೊಟ್ಟಿದ್ದಾರೆ. ಹಾಕಿಕೊಂಡರೆ ಎದುರಿಗಿರುವುದೆಲ್ಲ ಇದ್ದ ಹಾಗೇ ಕಾಣುತ್ತದೆ, ಅದರ ಮೇಲೆ ಬೆಳಕಿನಲ್ಲಿ ಬರೆದಂತೆ ಇನ್ನಷ್ಟು ಕಾಣುತ್ತದೆ. ಮುಂದೆ ಬಿಗಿಯಬೇಕಾದ ಬೋಲ್ಟು ಹಳದಿಯಾಗಿ ಹೊಳೆಯುತ್ತದೆ. ಕೈ ಅಲುಗುವ ಮೊದಲೇ ಅದರ ಹಸಿರು ನೆರಳು ಅಲುಗುತ್ತದೆ. ನೆರಳು ಎಲ್ಲಿಗೆ ಹೋಯಿತೋ ಕೈ ಅಲ್ಲಿಗೇ ಬರುತ್ತದೆ. ನೆರಳು ನಿಂತಿದ್ದರೆ ಕೈಯೂ ನಿಂತಿದೆ ಎಂದು ಅರ್ಥ. ಕೇಸಿಂಗ್ ಅಡ್ಡ ಬಂದು ನಿಜವಾದ ಕೈ ಮರೆಯಾದಾಗಲೂ ನೆರಳು ಕಾಣುತ್ತಲೇ ಇರುತ್ತದೆ. ಹೀಗೆ ನಮಗೆ ಮೊದಲೇ ಗೊತ್ತಾಗುವುದರಿಂದ ಕೈಯ ವೇಗವನ್ನೂ ಹೆಚ್ಚಿಸಿದ್ದಾರೆ.

ನಾವೆಲ್ಲ ಅದನ್ನು ಅಳಿಯ ಅನ್ನುತ್ತೇವೆ. ಹೆಸರಿಟ್ಟವನು ಮೀಸೆಯಣ್ಣ. "ಮರ್ಯಾದೆ ಕೊಡ್ಬೇಕು, ಎದುರಿಗೆ ನಿಲ್ಬಾರ್ದು, ಯಾವಾಗ ಮುನಿಸ್ಕೊಳ್ತಾನೋ ಹೇಳೋಕಾಗಲ್ಲ" ಅನ್ನುತ್ತಾನೆ.

ಹೆದರಿಕೆ ಏನಿಲ್ಲ. ಅದು ಸದ್ದು ಮಾಡುವುದಿಲ್ಲ, ಅಷ್ಟೇ. ನಿಮ್ಮ ಹ್ಯಾಮರ್ ಬೀಳುವುದು ನಾಲ್ಕು ಬೀದಿಯಾಚೆಗೂ ಕೇಳುತ್ತಿತ್ತು. ಇದು ಬೆನ್ನ ಹಿಂದೆ ಬಂದು ನಿಂತರೂ ತಿಳಿಯುವುದಿಲ್ಲ.

ನಿಮ್ಮ ಕಿರಿಯವಳು


ಜನವರಿ 21

ಮಗಳೇ,

ನಿನ್ನ ಕಾಗದವನ್ನು ನಾನು ಎರಡು ಸಲ ಓದಿದೆ. ನಿನ್ನ ಅತ್ತಿಗೆ ನನ್ನನ್ನು ಕೇಳದೆಯೇ ಮೂರನೇ ಸಲ ಓದಿದಳು.

ನಿಲ್ಲಿಸುವ ಗುಂಡಿ ನಿನ್ನ ಎಡಕ್ಕಿದೆಯೋ ಬಲಕ್ಕೋ? ಗ್ಲೌಸ್ ಹಾಕಿದ ಕೈಗೆ ಸಿಗುತ್ತದೆಯೋ? ಕರೆಂಟು ಹೋದರೆ ಅಳಿಯ ಹೊತ್ತದ್ದನ್ನು ಬಿಟ್ಟುಬಿಡುತ್ತಾನೋ ಹಿಡಿದೇ ಇರುತ್ತಾನೋ? ಕನ್ನಡಕದ ಬ್ಯಾಟರಿ ಮುಗಿದರೆ? ಇದನ್ನೆಲ್ಲ ಕೇಳಿ ತಿಳಿದುಕೊಂಡು ಬರೆ. ಕೇಳಿದರೆ ಯಾರೂ ಕಚ್ಚುವುದಿಲ್ಲ.

"ಹೆದರಿಕೆ ಏನಿಲ್ಲ" ಎಂದು ಬರೆದಿದ್ದೀಯ. ನಾನು ಅದನ್ನು ಕೇಳಿಯೇ ಇರಲಿಲ್ಲವಲ್ಲ.

ಹ್ಯಾಮರ್ ಶಾಪಿನ ಮಾತು ತೆಗೆಯಬೇಡ. ಅದು ಮುಗಿದದ್ದು.

ಅಪ್ಪ


ಫೆಬ್ರವರಿ 9

ಅಪ್ಪಾ,

ಗುಂಡಿ ಬಲಕ್ಕಿದೆ, ಗ್ಲೌಸಿಗೂ ಸಿಗುತ್ತದೆ. ಕರೆಂಟು ಹೋದರೆ ಕೈ ಹಿಡಿದೇ ನಿಲ್ಲುತ್ತದೆ. ಬ್ಯಾಟರಿ ಮುಗಿದರೆ ಲೈನೇ ನಿಲ್ಲುತ್ತದೆ. ನೀವು ಕೇಳಿದ್ದಕ್ಕೆಲ್ಲ ಫ್ಯಾಕ್ಟರಿಯವರ ಹತ್ತಿರ ಉತ್ತರವಿತ್ತು. ಗುರುವಾರ ಆದದ್ದನ್ನು ಮಾತ್ರ ನೀವೂ ಕೇಳಿರಲಿಲ್ಲ.

ಕೇಸಿಂಗಿನೊಳಗೆ ತಲೆ ಬಗ್ಗಿಸಿ ಆರನೇ ಬೋಲ್ಟು ಬಿಗಿಯುತ್ತಿದ್ದೆ. ಹಸಿರು ನೆರಳು ಪೂರ್ತಿ ನಿಂತಿತ್ತು. ಕಣ್ಣಂಚಿನಲ್ಲಿ ಅದು ಕಾಣುತ್ತಲೇ ಇತ್ತು, ಅಪ್ಪಾ, ನಾನು ಆಣೆಯಿಟ್ಟು ಹೇಳಬಲ್ಲೆ. ಇದ್ದಕ್ಕಿದ್ದಂತೆ ಕಿವಿಯ ಹಿಂದೆ ತಣ್ಣನೆ ಗಾಳಿ ಆಡಿತು. ತಲೆಯೆತ್ತಿದರೆ ಅಳಿಯನ ಮೊಣಕೈ ನನ್ನ ಕೂದಲಿಗೂ ಕಂಬಕ್ಕೂ ನಡುವೆ ಹಾದುಹೋಗಿ ಆಗಿತ್ತು. ಒಂದು ಗೇಣು ಅಂತರ. ನೆರಳು ಇನ್ನೂ ಮೊದಲಿನ ಜಾಗದಲ್ಲೇ ನಿಂತಿತ್ತು. ಆಮೇಲೆ ಒಂದು ಸಲ ಜಿಗಿದು ಕೈಯ ಮೇಲೆ ಹೋಗಿ ಕೂತಿತು, ಏನೂ ಆಗದವರ ಹಾಗೆ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸೂಪರ್‌ವೈಸರ್ ಬಂದರು. ಕನ್ನಡಕದ ಮೇಡಂ ಬಂದರು. ಈ ಕನ್ನಡಕಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಅವರು, ನನಗಿಂತ ಚಿಕ್ಕವರು. ಕಂಪ್ಯೂಟರಿನಲ್ಲಿ ದಾಖಲೆ ತೆಗೆದು ನೋಡಿದರು.

"ಕೈ ಎಲ್ಲಿಗೆ ಹೋಗ್ಬೇಕಿತ್ತೋ ಅಲ್ಲಿಗೇ ಹೋಗಿದೆ. ತಪ್ಪೇನೂ ಇಲ್ವಲ್ಲ" ಅಂದರು.

"ಕೈ ಸರಿಯಾಗೇ ಹೋಗಿದೆ ಮೇಡಂ. ನೆರಳು ಹೋಗ್ಲಿಲ್ಲ."

"ನೆರಳು ದಾಖಲೆ ಆಗಲ್ಲ. ನೀವು ಗಮನಿಸಿರಲ್ಲ, ಅಷ್ಟೇ."

ನನ್ನನ್ನು ಕಣ್ಣಿನ ಪರೀಕ್ಷೆಗೆ ಕಳಿಸಿದರು. ಕಣ್ಣು ಚೆನ್ನಾಗಿದೆಯಂತೆ. ಅದನ್ನು ಕೇಳಿ ಸಂತೋಷವಾಗಬೇಕಿತ್ತು. ಇನ್ನೂ ಹೆಚ್ಚು ಹೆದರಿಕೆಯಾಯಿತು.

ನಿಮ್ಮ ಕಿರಿಯವಳು


ಫೆಬ್ರವರಿ 15

ಮಗಳೇ,

ಆ ಜಾಗ ಬಿಡು. ಪ್ಯಾಕಿಂಗಿಗೆ ಹಾಕಿ ಎಂದು ಕೇಳು, ಬೆನ್ನುನೋವು ಎನ್ನು, ಏನು ಬೇಕಾದರೂ ಹೇಳು. ಬಿಡುವವರೆಗೂ ಪ್ರತಿ ಸಲ ಹಾಗಾದಾಗ ದಿನ, ಗಂಟೆ, ನಿಮಿಷ ಬರೆದಿಡು. ಯಾರಿಗೂ ತೋರಿಸಬೇಡ.

ಇಲ್ಲ, ತೋರಿಸು. ನನಗೆ ತಿಳಿಯುತ್ತಿಲ್ಲ. ಮೊದಲು ಆ ಜಾಗ ಬಿಡು.

ಅಪ್ಪ


ಫೆಬ್ರವರಿ 27

ಅಪ್ಪಾ,

ಪ್ಯಾಕಿಂಗಿನಲ್ಲಿ ಜಾಗವಿಲ್ಲವಂತೆ. ಸೂಪರ್‌ವೈಸರ್ ಎಲ್ಲರ ಎದುರಿಗೆ, "ಅಳಿಯನ್ನ ಕಂಡ್ರೆ ಇಷ್ಟು ನಾಚಿಕೆನಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನೀವು ಹೇಳಿದಂತೆ ಬರೆದಿಡುತ್ತಿದ್ದೇನೆ. ಇನ್ನೂ ಎರಡು ಸಲ ಆಯಿತು. ಒಂದು ಸಲ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ, ಇನ್ನೊಂದು ಸಲ ಮಧ್ಯಾಹ್ನ ಮೂರೂ ಕಾಲಿಗೆ. ಎರಡು ಸಲವೂ ನಾನು ದೂರ ನಿಂತಿದ್ದೆ. ಈಗ ಬೋಲ್ಟು ಬಿಗಿಯುವಾಗ ನಡುನಡುವೆ ಕನ್ನಡಕ ಮೇಲೆತ್ತಿ ಬರಿಗಣ್ಣಿನಲ್ಲಿ ನೋಡುತ್ತೇನೆ. ಎತ್ತಿದ ಕೂಡಲೇ ಲೈನು ನಿಲ್ಲುತ್ತದೆ, ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಾರೆ.

ಮೀಸೆಯಣ್ಣನಿಗೆ ಹೇಳಿದೆ. ಹಾಡು ನಿಲ್ಲಿಸಿ, ಸುತ್ತ ನೋಡಿ, ಮೆಲ್ಲಗೆ ಹೇಳಿದ: "ನಿನ್ ಕಣ್ಣಿಂದಲ್ಲಮ್ಮ. ನಂಗೂ ಒಂದ್ಸಲ ಹಂಗೇ ಆಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ವಯಸ್ಸಾಯ್ತು ಮನೇಲಿ ಕೂತ್ಕೋ ಅಂತಾರೆ. ನೀನು ನಿನ್ ಹುಷಾರಲ್ಲಿರು, ನಾನು ನನ್ ಹುಷಾರಲ್ಲಿರ್ತೀನಿ."

ಬೆಳಿಗ್ಗೆ ಬೂಟಿನ ದಾರ ಕಟ್ಟಿದವಳು ಬಿಚ್ಚಿ, ಮತ್ತೆ ಕಟ್ಟುತ್ತೇನೆ. ಇದನ್ನು ಅತ್ತಿಗೆಗೆ ಓದಲು ಕೊಡಬೇಡಿ.

ನಿಮ್ಮ ಕಿರಿಯವಳು


ಮಾರ್ಚ್ 19

ಅಪ್ಪಾ,

ನಿಮ್ಮ ಎರಡು ಕಾಗದ ಬಂದಿವೆ. ಉತ್ತರ ಬರೆಯಲು ಕೈ ಬರಲಿಲ್ಲ.

ಹನ್ನೊಂದನೇ ತಾರೀಕು ಮೀಸೆಯಣ್ಣನಿಗೆ ಪೆಟ್ಟಾಯಿತು. ಅವನು ಅವನ ಕಡೆ ಬಗ್ಗಿದ್ದ, ನಾನು ನನ್ನ ಕಡೆ. ನಡುವೆ ಕೇಸಿಂಗ್. ಅವನ ಮುಖ ನನಗೆ ಕಾಣುತ್ತಿರಲಿಲ್ಲ, ಹಾಡು ಕೇಳುತ್ತಿತ್ತು. ಹಾಡು ನಡುವೆಯೇ ನಿಂತಿತು. ಕೂಗಲಿಲ್ಲ. ಚೀಲದಿಂದ ಗಾಳಿ ಹೊರಬಿದ್ದಂಥ ಒಂದು ಸದ್ದು, ಅಷ್ಟೇ. ನಾನು ಗುಂಡಿ ಹೊಡೆದೆ. ಏನಾದರೂ ತಾಗಿದರೆ ಅಳಿಯ ತಾನೇ ನಿಲ್ಲುತ್ತಾನೆ; ನಿಂತೂ ಇದ್ದ. ಆದರೆ ಅಷ್ಟು ಭಾರ ಹೊತ್ತು ಅಷ್ಟು ವೇಗವಾಗಿ ಬಂದವನು ನಿಲ್ಲುವುದರೊಳಗೆ ಮೀಸೆಯಣ್ಣನನ್ನು ಕಬ್ಬಿಣದ ಸ್ಟ್ಯಾಂಡಿಗೆ ಒತ್ತಿ ಆಗಿತ್ತು. ನಾಲ್ಕು ಪಕ್ಕೆಲುಬು, ಒಂದು ಭುಜ.

ಅವನನ್ನು ಬಿಡಿಸುವವರೆಗೂ ನಾನು ಅವನ ಕೈ ಹಿಡಿದಿದ್ದೆ. "ನೆರಳು ನಿಂತಿತ್ತು ಕಣಮ್ಮ" ಅಂದ. ಮತ್ತೆ ಅದನ್ನೇ ಅಂದ. ಮೂರನೇ ಸಲ ತುಟಿ ಮಾತ್ರ ಅಲುಗಿತು.

ಆಸ್ಪತ್ರೆಯಲ್ಲಿದ್ದಾನೆ. ಜೀವಕ್ಕೆ ಭಯವಿಲ್ಲ ಅನ್ನುತ್ತಾರೆ.

ನಿನ್ನೆ ನನ್ನನ್ನು ಆಫೀಸಿಗೆ ಕರೆದರು. ಮ್ಯಾನೇಜರ್ ಕುರ್ಚಿ ಕೊಟ್ಟು, ನೀರು ಕೊಟ್ಟು, ಒಂದು ಹೇಳಿಕೆಯನ್ನು ಮುಂದಿಟ್ಟರು. ಟೈಪ್ ಮಾಡಿ ಸಿದ್ಧವಾಗಿತ್ತು. ಅವನು ಬೇರೆ ಕಡೆ ನೋಡುತ್ತ ಕೈ ಅಲುಗುವಾಗ ದಾಟಬಾರದ ನೆಲದ ಹಳದಿ ಗೆರೆ ದಾಟಿದ, ಅದನ್ನು ನಾನು ಕಂಡೆ ಎಂದು ಅದರಲ್ಲಿದೆ. "ನೀವು ನೋಡಿದ್ದು ಇಷ್ಟೇ ತಾನೆ?" ಎಂದು ತುಂಬ ಮೃದುವಾಗಿ ಕೇಳಿದರು. ಯೋಚಿಸಿ ಹೇಳುತ್ತೇನೆ ಅಂದೆ. ಮೂವತ್ತನೇ ತಾರೀಕು ವಿಚಾರಣೆ, ಅವತ್ತು ಸಹಿ ಬೇಕು ಅಂದರು. "ಅಷ್ಟರಲ್ಲಿ ನಿಮಗೂ ಪ್ಯಾಕಿಂಗಲ್ಲಿ ಜಾಗ ಆಗುತ್ತೆ" ಅಂದರು.

ಪ್ಯಾಕಿಂಗ್ ಅಂದಾಗ ನನಗೆ ಎಷ್ಟು ಹಾಯೆನಿಸಿತು ಗೊತ್ತೇ ಅಪ್ಪಾ? ಅವನು ಅಲ್ಲಿ ಉಸಿರೆಳೆಯಲು ಒದ್ದಾಡುತ್ತಿರುವಾಗ ನನಗೆ ಹಾಯೆನಿಸಿತು. ಏನು ಮಾಡಲಿ, ಹೇಳಿ.

ನಿಮ್ಮ ಕಿರಿಯವಳು


ಮಾರ್ಚ್ 22

ಮಗಳೇ,

ನಿನ್ನ ಕಾಗದ ಈಗ ತಾನೇ ಬಂತು. ಇದನ್ನು ಇವತ್ತೇ ಹಾಕಬೇಕು, ಅದಕ್ಕೆ ಅಕ್ಷರ ಸೊಟ್ಟಗಿದೆ.

ಸಹಿ ಹಾಕಬೇಡ.

ಯಾಕೆ ಎಂದು ಹೇಳುತ್ತೇನೆ. ಇದು ನಿನ್ನ ಅಮ್ಮನಿಗೂ ಗೊತ್ತಿರಲಿಲ್ಲ. ನೀನು ಹುಟ್ಟುವ ಎರಡು ವರ್ಷ ಮೊದಲಿನ ಮಾತು. ಹ್ಯಾಮರಿನ ಪೆಡಲ್ ಒತ್ತುವವನು ನಾನು, ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು ಕೆಳಗಿಡುವವನು ನನ್ನ ಜೊತೆಗಾರ. ನಮ್ಮ ಹಳೇ ಮನೆಯ ಹಿಂದಿನ ಬೀದಿಯಲ್ಲಿ ಬೇಲಿಯ ಹತ್ತಿರ ನಿಂತಿರುತ್ತಿದ್ದ, ಬಲಗೈ ಇಲ್ಲದ ಒಬ್ಬರಿದ್ದರಲ್ಲ, ನೀವೆಲ್ಲ ಬೇಲಿಯ ಮಾವ ಅನ್ನುತ್ತಿದ್ದಿರಿ. ಅವನೇ.

ಒಂದು ಸಲ ಒತ್ತಿದರೆ ಹ್ಯಾಮರ್ ಒಂದು ಸಲ ಬೀಳಬೇಕು. ಒಂದು ದಿನ ಒಮ್ಮೆ ಒತ್ತಿದ್ದಕ್ಕೆ ಎರಡು ಸಲ ಬಿತ್ತು. ಅವನ ಕೈ ಆಗ ಅದರ ಕೆಳಗಿರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ನನಗೇ ಭ್ರಮೆ ಅಂದುಕೊಂಡೆ. ಎಂಟು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಆಗ ಕೈ ಇತ್ತು.

ನನಗೂ ಕುರ್ಚಿ ಕೊಟ್ಟರು. ಹ್ಯಾಮರ್ ನಿಲ್ಲುವ ಮೊದಲೇ ಅವನು ಅವಸರಪಟ್ಟು ಕೈ ಹಾಕಿದ ಎಂದು ಬರೆದಿಟ್ಟಿದ್ದರು. ಹ್ಯಾಮರಿನ ತಪ್ಪಲ್ಲ, ಅವನ ತಪ್ಪೂ ಅಲ್ಲ ಎಂದಾದರೆ ಪೆಡಲ್ ಮೇಲಿದ್ದ ನನ್ನ ಕಾಲಿನ ತಪ್ಪು ಎಂದಾಗುತ್ತಿತ್ತು. ನಿನ್ನ ಅಣ್ಣ ಆಗ ಎಂಟು ತಿಂಗಳ ಕೂಸು. ಸಹಿ ಹಾಕಿದೆ. ಅವನ ಕೆಲಸ ಹೋಯಿತು. ನಾನು ಇನ್ನೂ ಇಪ್ಪತ್ತು ವರ್ಷ ಅದೇ ಪೆಡಲ್ ಒತ್ತಿದೆ.

ಅವನು ಬೀದಿಯಲ್ಲಿ ಸಿಕ್ಕಾಗ ನಗುತ್ತಿದ್ದ. ಅವನ ಮನೆ ಮುಂದೆ ಹೋಗುವುದನ್ನೇ ನಾನು ಬಿಟ್ಟೆ. ಸುತ್ತು ದಾರಿ ಯಾಕೆ ಎಂದು ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ಅಲ್ಲಿ ನಾಯಿ ಇದೆ ಎಂದು ನಾನು ಅನ್ನುತ್ತಿದ್ದೆ. ನಾಯಿ ಇರಲಿಲ್ಲ.

ನೀನು ಅವನ ಹತ್ತಿರ ಹೋಗಿ ಕೂತುಕೊ, ಮೀಸೆಯವನ ಹತ್ತಿರ. ಅವನು ಏನು ಕಂಡ ಎಂದು ಕೇಳು. ನಾನು ಕೇಳಲಿಲ್ಲ.

ಅಪ್ಪ


ಏಪ್ರಿಲ್ 3

ಅಪ್ಪಾ,

ಸಹಿ ಹಾಕಲಿಲ್ಲ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನಿಮ್ಮ ಕಾಗದ ಓದಿ ಆಸ್ಪತ್ರೆಗೆ ಹೋದೆ. ಮೀಸೆಯಣ್ಣನ ಮೀಸೆಯನ್ನು ಪೈಪು ಹಾಕಲು ಬೋಳಿಸಿದ್ದರು, ಒಂದು ಗಳಿಗೆ ಗುರುತೇ ಸಿಗಲಿಲ್ಲ. ಏನು ಕಂಡೆ ಎಂದು ಕೇಳಿದೆ. ನಿಲ್ಲಿಸಿ ನಿಲ್ಲಿಸಿ ಹೇಳಿದ: "ಬೆಳಕು ಮಂಕಾಯ್ತು. ಮೇಲೆ ಕ್ರೇನು ಬಂತು ಅಂದ್ಕೊಂಡೆ. ಆಮೇಲೆ ಅಷ್ಟೇ."

ಕ್ರೇನು! ಮನೆಗೆ ಬಂದು ನನ್ನ ಪಟ್ಟಿ ತೆಗೆದೆ. ಹನ್ನೊಂದೂ ಹತ್ತು, ಮೂರೂ ಕಾಲು. ಆ ಹೊತ್ತಿಗೇ ನಮ್ಮ ತಲೆಯ ಮೇಲಿನ ಕ್ರೇನು ಖಾಲಿ ಪೆಟ್ಟಿಗೆಗಳನ್ನು ಹೊತ್ತು ಹಾದುಹೋಗುವುದು. ನಮ್ಮ ಎದುರಿನ ಕಂಬಕ್ಕೆ ಕಪ್ಪು ಬಿಳಿ ಚೌಕಗಳ ಒಂದು ಹಲಗೆ ಹೊಡೆದಿದ್ದಾರೆ. ಅದನ್ನು ನೋಡಿಯೇ ಕನ್ನಡಕಕ್ಕೆ ತಾನೆಲ್ಲಿದ್ದೇನೆ, ಕೈ ಎಲ್ಲಿದೆ ಎಂದು ತಿಳಿಯುವುದು ಎಂದು ತರಬೇತಿಯಲ್ಲಿ ಹೇಳಿದ್ದರು. ಪೆಟ್ಟಿಗೆಗಳು ಆ ಹಲಗೆಗೆ ಅಡ್ಡ ಬಂದರೆ?

ವಿಚಾರಣೆಯ ದಿನ ಮೇಜಿನ ಆಚೆ ಐದು ಜನ, ಈಚೆ ನಾನೊಬ್ಬಳು. ನನ್ನ ಪಟ್ಟಿಯನ್ನು ಮೇಜಿನ ಮೇಲಿಟ್ಟು ಕ್ರೇನಿನ ವಿಷಯ ತಿಳಿಸಿದೆ. ಆಮೇಲೆ ಹೇಳಿದೆ, "ಇದಕ್ಕೆ ನಾನು ಸಹಿ ಹಾಕಲ್ಲ. ಕ್ರೇನು ಓಡ್ಸಿ, ಕನ್ನಡಕ ನೀವೇ ಹಾಕ್ಕೊಂಡು ನೋಡಿ."

ಮ್ಯಾನೇಜರ್ ಬೇಡ ಅಂದರು. ಕನ್ನಡಕದ ಮೇಡಂ ಮಾತ್ರ ನನ್ನ ಪಟ್ಟಿಯನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು. "ನಾನು ಹಾಕ್ಕೊಳ್ತೀನಿ" ಅಂದರು.

ಮೀಸೆಯಣ್ಣ ನಿಲ್ಲುತ್ತಿದ್ದ ಜಾಗದಲ್ಲಿ ಹತ್ತಿಯ ಚಿಂದಿ ತುಂಬಿದ ಮೂಟೆ ಕಟ್ಟಿದೆವು. ನನ್ನ ಜಾಗದಲ್ಲಿ ಮೇಡಂ ಬಗ್ಗಿ ನಿಂತರು. ನಾನು ಅವರ ಬೆನ್ನಿಗೆ ನಿಂತು ಗುಂಡಿಯ ಮೇಲೆ ಕೈಯಿಟ್ಟೆ. ಮೊದಲ ಸಲ ಕ್ರೇನು ಹೋಯಿತು, ಏನೂ ಆಗಲಿಲ್ಲ. ಎರಡನೇ ಸಲ, ಇಲ್ಲ. ಮೂರನೇ ಸಲವೂ ಇಲ್ಲ. ಮ್ಯಾನೇಜರ್ ಗಡಿಯಾರ ನೋಡಿಕೊಂಡರು. ನನಗೆ ಎರಡು ಹೆದರಿಕೆ ಒಟ್ಟಿಗೇ ಆಗುತ್ತಿತ್ತು. ಏನೂ ಆಗದಿದ್ದರೆ ಎಂದು ಒಂದು, ಆಗಿಬಿಟ್ಟರೆ ಎಂದು ಒಂದು.

ನಾಲ್ಕನೇ ಸಲ ಪೆಟ್ಟಿಗೆಗಳು ಓಲಾಡುತ್ತ ಬಂದು ಕಂಬದ ಮುಂದೆ ಒಂದು ಕ್ಷಣ ತಡೆದವು.

"ನಿಂತಿದೆ" ಅಂದರು ಮೇಡಂ. "ನೋಡಿ, ನೆರಳು ನಿಂತೇ ಇದೆ, ಏನೂ ಇಲ್ಲ..."

ಅವರು ಆ ಮಾತು ಮುಗಿಸುವ ಮೊದಲೇ ಆಚೆ ಕಡೆ ಮೂಟೆ ಒಡೆದು ಚಿಂದಿಯೆಲ್ಲ ಚೆಲ್ಲಿತು.

ನಾನು ಗುಂಡಿ ಹೊಡೆದೆ. ಮೇಡಂ ಕನ್ನಡಕ ತೆಗೆದು ಆ ಚಿಂದಿಯನ್ನು ನೋಡಿದರು. ಹಲಗೆ ಮರೆಯಾದಾಗ ನೆರಳಿನ ಚಿತ್ರ ಅಳಿಸಿಹೋಗಬೇಕಿತ್ತಂತೆ. ಅದರ ಬದಲು ಕೊನೆಯ ಚಿತ್ರವೇ ಹಾಗೇ ನಿಂತುಬಿಡುತ್ತಿತ್ತು, ಹಸಿರಾಗಿಯೇ. "ನಾನು ನಿಮ್ಮನ್ನ ಕಣ್ಣಿನ ಪರೀಕ್ಷೆಗೆ ಕಳಿಸ್ದೆ" ಅಂದರು. ನಾನು ಚಿಂದಿ ಬಾಚತೊಡಗಿದೆ.

ಆ ಹೇಳಿಕೆ ರದ್ದಾಯಿತು. ತಪ್ಪು ಮೀಸೆಯಣ್ಣನದಲ್ಲ ಎಂದು ಬರೆದುಕೊಟ್ಟಿದ್ದಾರೆ. ಅದನ್ನು ಅವನ ಹಾಸಿಗೆಯ ಪಕ್ಕ ಕೂತು ನಾನೇ ಓದಿ ಹೇಳಿದೆ. ಅವನು ಗೋಡೆಯ ಕಡೆ ತಿರುಗಿಕೊಂಡ.

ಬೇಲಿಯ ಮಾವನ ವಿಷಯ ನಾನು ಏನೂ ಬರೆಯಲಾರೆ. ಯೋಚಿಸುತ್ತಿದ್ದೇನೆ.

ನಿಮ್ಮ ಕಿರಿಯವಳು


ಏಪ್ರಿಲ್ 24

ಮಗಳೇ,

ಬೇಲಿಯ ಮಾವನ ವಿಷಯ ನೀನು ಏನೂ ಬರೆಯಲಿಲ್ಲ, ಬರೆಯುವುದೂ ಬೇಡ.

ಭಾನುವಾರ ಅವನ ಮನೆಗೆ ಹೋದೆ. ಅವನಿಲ್ಲ, ನಾಲ್ಕು ವರ್ಷವಾಯಿತಂತೆ ಹೋಗಿ. ನನಗೆ ಅದೂ ಗೊತ್ತಿರಲಿಲ್ಲ. ಅವನ ಹೆಂಡತಿ ಇದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ: ಹ್ಯಾಮರ್ ಎರಡು ಸಲ ಬಿದ್ದದ್ದು, ಎಂಟು ದಿನ ಮೊದಲೂ ಹಾಗೇ ಬಿದ್ದದ್ದು, ಸಹಿ.

ಆಕೆ ಅಳಲಿಲ್ಲ. ನನ್ನ ಕಿವಿಯ ಹತ್ತಿರ ಬಂದು ಜೋರಾಗಿ ಹೇಳಿದಳು: "ಮೂವತ್ತು ವರ್ಷ ನಾನು ಅವ್ರನ್ನ ಬೈದೆ. ಎಲ್ಲಿ ನೋಡ್ಕೊಂಡು ಕೈ ಹಾಕಿದ್ರಿ ಅಂತ ದಿನಾ ಬೈದೆ. ಅವ್ರೂ ಹೌದು, ನಂದೇ ತಪ್ಪು ಅಂತಿದ್ರು. ಹಂಗೇ ನಂಬ್ಕೊಂಡೇ ಹೋದ್ರು."

ನಾನು ನಿಂತೇ ಇದ್ದೆ. ಆಮೇಲೆ ಆಕೆ, "ನನ್ ಮಗಳು ಹತ್ತನೇ ತಾರೀಕಿಗೆ ಬರ್ತಾಳೆ. ಅವಳಿಗೂ ನೀವೇ ಬಂದು ಹೇಳ್ಬೇಕು. ನಾನು ಹೇಳಲ್ಲ" ಎಂದು ಬಾಗಿಲು ಹಾಕಿಕೊಂಡಳು.

ಆ ಮಗಳು ಅವನ ಕೈ ಹೋದ ಮೇಲೆ ಹುಟ್ಟಿದವಳು. ಎರಡೂ ಕೈಯಿದ್ದ ಅಪ್ಪನನ್ನು ಕಂಡೇ ಇಲ್ಲ. ಅವಳ ಮುಂದೆ ನಾನು ಹೇಗೆ ನಿಲ್ಲಲಿ? ನಿನಗೆ ಧೈರ್ಯ ಹೇಳಬೇಕಾದವನು ಹೀಗೆ ಬರೆಯುತ್ತಿದ್ದೇನೆ. ಹೆದರಿಕೆಯಾಗುತ್ತಿದೆ.

ಅಪ್ಪ


ಮೇ 4

ಅಪ್ಪಾ,

ಸೋಮವಾರ ಲೈನು ಮತ್ತೆ ಶುರುವಾಯಿತು. ನಾಲ್ಕೂ ಕಂಬಗಳಿಗೆ ಹಲಗೆ ಹಾಕಿದ್ದಾರೆ. ಹಲಗೆ ಕಾಣದಿದ್ದರೆ ಈಗ ಕನ್ನಡಕವೂ ಕಪ್ಪಾಗುತ್ತದೆ, ಕೈಯೂ ನಿಲ್ಲುತ್ತದೆ. ವೇಗ ಇಳಿಸಿದ್ದಾರೆ. ಪ್ಯಾಕಿಂಗಿನಲ್ಲಿ ಜಾಗವಿದೆ ಎಂದು ಈಗ ನಿಜವಾಗಿಯೂ ಕೇಳಿದರು. ಬೇಡ ಅಂದೆ. ಯಾಕೆ ಬೇಡ ಅಂದೆನೋ ನನಗೇ ತಿಳಿಯದು. ಪ್ರತಿ ಬೋಲ್ಟಿಗೂ ಮೊದಲು ನಾಲ್ಕೂ ಹಲಗೆಗಳನ್ನು ಎಣಿಸಿ ನೋಡುತ್ತೇನೆ.

ಮಂಗಳವಾರ ಕಿವಿಯ ಹಿಂದೆ ಗಾಳಿ ಆಡಿದಂತಾಯಿತು. ನಾನು ಕೂಗಿಕೊಂಡೆ. ಲೈನು ನಿಂತಿತು. ಮೇಡಂ ಓಡಿ ಬಂದು ಎಲ್ಲ ನೋಡಿದರು. ಏನೂ ಆಗಿರಲಿಲ್ಲ, ಯಾರೋ ಬಾಗಿಲು ತೆರೆದಿದ್ದರು. ನಾನು ತಲೆತಗ್ಗಿಸಿ ನಿಂತೆ. ಸೂಪರ್‌ವೈಸರ್ ಏನಾದರೂ ಅನ್ನುತ್ತಾರೆ ಎಂದು ಕಾದೆ. ಅವರು ನನ್ನನ್ನು ನೋಡಿ, ಮೀಸೆಯಣ್ಣನ ಖಾಲಿ ಜಾಗವನ್ನು ನೋಡಿ, "ಪರವಾಗಿಲ್ಲ, ಇನ್ನೊಂದ್ಸಲ ನೋಡ್ಕೊಂಡೇ ಶುರು ಮಾಡೋಣ" ಅಂದರು. ಯಾರೂ ನಗಲಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಅದನ್ನು ಕಾಗದದಲ್ಲಿ ಬರೆಯಲು ಬರುವುದಿಲ್ಲ, ಎದುರಿಗೆ ಹೇಳುತ್ತೇನೆ. ರಜೆ ಕೇಳಿದ್ದೇನೆ. ಒಂಬತ್ತರ ಸಂಜೆ ಬಸ್ಸಿಗೆ ಬರುತ್ತೇನೆ. ಹತ್ತನೇ ತಾರೀಕು ಬೆಳಿಗ್ಗೆ ಇಬ್ಬರೂ ಆ ಮನೆಗೆ ಹೋಗೋಣ. ನಾನು ನಿಮ್ಮ ಪಕ್ಕದಲ್ಲೇ ನಿಂತಿರುತ್ತೇನೆ. ಮಾತಾಡುವುದು ಮಾತ್ರ ನೀವೇ.

ನಿಮ್ಮ ಕಿರಿಯವಳು